ಪ್ರೊಪೆಲ್ಲರ್ ಕೊಳ್ಳುವ ಮುಂಚೆ ಎರಡು ವೇಗ ಬರೆದಿಡಿ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಳರಸ್ತೆಯಲ್ಲಿ ಒಂದು ಪತ್ರಾಸ್ ಶೆಡ್ ಇದೆ. ವಾರವೆಲ್ಲ ಅಲ್ಲಿ ಜಿಗ್, ಫಿಕ್ಸ್‌ಚರ್ ಮಾಡುವ ಕೆಲಸ. ಭಾನುವಾರ ಮಾತ್ರ ಹಿಂಭಾಗದ ತಾಡಪತ್ರಿ ಸರಿಯುತ್ತದೆ. ಅದರ ಹಿಂದೆ ಎರಡು ಸೀಟಿನ ಒಂದು ಪುಟ್ಟ ವಿಮಾನ ನಿಂತಿದೆ. ಅದನ್ನು ಕಟ್ಟುತ್ತಿರುವವರು ಗೋಕಾಕದ ಕಡೆಯವರು, ಪುಣೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಹಡಪ್ಸರದ ಗ್ಲೈಡಿಂಗ್ ಸೆಂಟರ್ ಮೇಲೆ ಸದ್ದಿಲ್ಲದೆ ಸುತ್ತುವ ಗ್ಲೈಡರ್‌ಗಳನ್ನು ನೋಡಿ ನೋಡಿ ಈ ಹುಚ್ಚು ಹತ್ತಿತು ಅನ್ನುತ್ತಾರೆ. ನಾನು ಕೆಲವು ವರ್ಷ ಒಂದು ಫ್ಲೈಯಿಂಗ್ ಸ್ಕೂಲಿನ ಹ್ಯಾಂಗರ್‌ನಲ್ಲಿ ಸ್ಪ್ಯಾನರ್ ಹಿಡಿದವನು. ಹಾಗಾಗಿ ಭಾನುವಾರ ನನ್ನದೂ ಅಲ್ಲೇ ಠಿಕಾಣಿ.

ರೆಕ್ಕೆ ಕೂತಿತ್ತು, ಎಂಜಿನ್ ಕೂತಿತ್ತು. ಮುಂದೆ ಪ್ರೊಪೆಲ್ಲರ್ ಮಾತ್ರ ಇರಲಿಲ್ಲ. ಒಂದು ದಿನ ಅವರು ಮೂರು ಹಾಳೆ ತುಂಬ ಬೆಲೆಪಟ್ಟಿ ಬರೆದುಕೊಂಡು ಬಂದು ಕೂತರು. ಕಟ್ಟಿಗೆಯದು, ಕಾರ್ಬನ್‌ದು, ನೆಲದ ಮೇಲೆ ಪಿಚ್ (ಬ್ಲೇಡಿನ ಕೋನ) ಬದಲಿಸುವಂಥದ್ದು, ಹಾರುತ್ತಲೇ ಬದಲಿಸುವಂಥದ್ದು. "ತಮ್ಮಾ, ಇದರಾಗ ಯಾವ್ದ ತಗೊಳ್ಳೋದ ಹೇಳು. ತುಟ್ಟೀದs ಛಲೋ ಇರ್ತೈತೇನು?"

"ಅಣ್ಣಾರ, ಬೆಲೆ ಆಮ್ಯಾಲೆ ನೋಡೋಣ. ನಿಮ್ಮ ವಿಮಾನ ಮೇಲಕ್ಕೆ ಏರುವಾಗ ಎಷ್ಟು ವೇಗದಾಗ ಹೋಗ್ತದ? ನೆಟ್ಟಗೆ ಹೋಗುವಾಗ ಎಷ್ಟು? ಈ ಎರಡು ನಂಬರ್ ಬರೀರಿ" ಅಂದೆ.

ಅವರು ಬರೆದರು. ಏರುವಾಗ ಗಂಟೆಗೆ 100 ಕಿಲೋಮೀಟರ್, ನೆಟ್ಟಗೆ ಹೋಗುವಾಗ 140. ಅರ್ಧ ಉತ್ತರ ಆ ಎರಡು ನಂಬರಿನಲ್ಲೇ ಇತ್ತು. ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ. ಮನೆಯಲ್ಲಿ ವಿಮಾನ ಕಟ್ಟುವವರು ಅತಿ ಹೆಚ್ಚು ಗೊಂದಲ ಮಾಡಿಕೊಳ್ಳುವುದು ಇಲ್ಲಿಯೇ.

ತಿರುಗುವ ರೆಕ್ಕೆ

ಪ್ರೊಪೆಲ್ಲರ್ ಅಂದರೆ ಗಾಳಿಯೊಳಗೆ ಹೋಗುವ ಸ್ಕ್ರೂ ಅಂತ ಶಾಲೆಯಲ್ಲಿ ಹೇಳಿಕೊಡುತ್ತಾರೆ. ತಪ್ಪೇನಲ್ಲ, ಆದರೆ ಅಷ್ಟಕ್ಕೇ ನಿಂತರೆ ಮುಂದಿನದು ಅರ್ಥವಾಗುವುದಿಲ್ಲ. ರೈಟ್ ಸಹೋದರರು 1903ರಲ್ಲಿ ಗೆದ್ದದ್ದಕ್ಕೆ ಒಂದು ದೊಡ್ಡ ಕಾರಣ, ಅವರು ಪ್ರೊಪೆಲ್ಲರನ್ನು ಸ್ಕ್ರೂ ಅಂತ ನೋಡದೆ ತಿರುಗುವ ರೆಕ್ಕೆ ಅಂತ ನೋಡಿದ್ದು. ಎಂಟೂವರೆ ಅಡಿ ಉದ್ದದ ಆ ಕಟ್ಟಿಗೆಯ ಪ್ರೊಪೆಲ್ಲರ್‌ಗಳು ಎಂಜಿನ್ ಕೊಟ್ಟ ಶಕ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿಯನ್ನು ಎಳೆತವಾಗಿ ಬದಲಿಸುತ್ತಿದ್ದವು. ನೂರಿಪ್ಪತ್ತು ವರ್ಷದ ಹಿಂದಿನ ಕೈಕೆಲಸಕ್ಕೆ ಇದು ಸಣ್ಣ ಮಾತಲ್ಲ.

ರೆಕ್ಕೆ ಅಂದ ಮೇಲೆ ಅದಕ್ಕೆ ಗಾಳಿ ಯಾವ ಕೋನದಲ್ಲಿ ತಾಗುತ್ತದೆ ಅನ್ನುವುದೇ ಮುಖ್ಯ. ಮೂರು ನಾಲ್ಕು ಡಿಗ್ರಿಯಲ್ಲಿ ತಾಗಿದರೆ ಕಡಿಮೆ ಶಕ್ತಿಯಲ್ಲಿ ಚೆನ್ನಾಗಿ ಎಳೆಯುತ್ತದೆ. ಕೋನ ತೀರ ಜಾಸ್ತಿಯಾದರೆ ಗಾಳಿ ಬ್ಲೇಡಿನ ಬೆನ್ನು ಬಿಟ್ಟು ಚದುರುತ್ತದೆ. ಆಗ ಎಂಜಿನ್ ಒದ್ದಾಡುತ್ತದೆ, ಎಳೆತ ಮಾತ್ರ ಬರುವುದಿಲ್ಲ.

ಈಗ ಪುಣೆಯ ಜುಲೈ ತಿಂಗಳನ್ನು ನೆನೆಸಿಕೊಳ್ಳಿ. ಮಳೆ ನೆಟ್ಟಗೆ ಬೀಳುತ್ತಿದೆ. ಸಿಗ್ನಲ್‌ನಲ್ಲಿ ಸ್ಕೂಟರ್ ನಿಲ್ಲಿಸಿದ್ದೀರಿ, ಹನಿ ತಲೆಯ ಮೇಲೆ ಬೀಳುತ್ತದೆ. ಹೊರಟಿರಿ, ಹನಿ ಎದೆಗೆ ಬಡಿಯುತ್ತದೆ. ಇನ್ನೂ ಜೋರಾಗಿ ಹೋದರೆ ಮುಖಕ್ಕೇ ಹೊಡೆಯುತ್ತದೆ. ಮಳೆ ಬದಲಾಗಲಿಲ್ಲ, ನಿಮ್ಮ ವೇಗ ಬದಲಾಯಿತು, ಅಷ್ಟಕ್ಕೆ ಹನಿ ಬರುವ ಕೋನ ಬದಲಾಯಿತು. ಬ್ಲೇಡಿಗೂ ಇದೇ ಆಗುತ್ತದೆ. ವಿಮಾನ ನಿಂತಿದ್ದಾಗ ಬ್ಲೇಡು ತಾನು ಸುತ್ತುವ ದಿಕ್ಕಿನಲ್ಲೇ ಗಾಳಿಯನ್ನು ಎದುರಿಸುತ್ತದೆ. ವಿಮಾನ ಮುಂದೆ ಹೋದಂತೆಲ್ಲ ಗಾಳಿ ಮುಂದಿನಿಂದ ಓರೆಯಾಗಿ ಬರುತ್ತದೆ. ವೇಗ ಹೆಚ್ಚಿದಷ್ಟೂ ಓರೆ ಹೆಚ್ಚು.

ಅಣ್ಣನ ಎಂಜಿನ್ ರೋಟ್ಯಾಕ್ಸ್ 912 ಯುಎಲ್‌ಎಸ್, 100 ಕುದುರೆ ಶಕ್ತಿಯದು. ಎಂಜಿನ್ 5,500 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ತಿರುಗುವಾಗ 2.43ರ ಗೇರ್‌ಬಾಕ್ಸ್ ದಾಟಿ ಪ್ರೊಪೆಲ್ಲರ್‌ಗೆ ಸಿಗುವುದು ಸುಮಾರು 2,260. ಪ್ರೊಪೆಲ್ಲರ್ ಅಡ್ಡಳತೆ 1.73 ಮೀಟರ್ ಅಂತ ಇಟ್ಟುಕೊಳ್ಳಿ. ನಡುವಿನಿಂದ ಮುಕ್ಕಾಲು ದೂರದಲ್ಲಿ, ಅಂದರೆ 65 ಸೆಂಟಿಮೀಟರ್ ಹತ್ತಿರ, ಬ್ಲೇಡು ಸೆಕೆಂಡಿಗೆ 154 ಮೀಟರ್ ವೇಗದಲ್ಲಿ ಸುತ್ತುತ್ತಿರುತ್ತದೆ. ಬ್ಲೇಡಿನ ಕೋನ ಅಂತ ಸಾಮಾನ್ಯವಾಗಿ ಹೇಳುವುದು ಈ ಜಾಗದ ಕೋನವನ್ನೇ. ಬುಡ ನಿಧಾನ, ತುದಿ ಜೋರು. ಅದಕ್ಕೇ ಬ್ಲೇಡನ್ನು ಬುಡದಿಂದ ತುದಿಯವರೆಗೆ ತಿರುಚಿ ಮಾಡಿರುತ್ತಾರೆ.

ಗಂಟೆಗೆ 100 ಕಿಲೋಮೀಟರ್‌ನಲ್ಲಿ ಏರುವಾಗ ಅಲ್ಲಿಗೆ ಗಾಳಿ ಸುಮಾರು 10 ಡಿಗ್ರಿ ಓರೆಯಲ್ಲಿ ಬರುತ್ತದೆ. 140ರಲ್ಲಿ ನೆಟ್ಟಗೆ ಹೋಗುವಾಗ 14 ಡಿಗ್ರಿ. ವ್ಯತ್ಯಾಸ ನಾಲ್ಕೇ ಡಿಗ್ರಿ. ಬ್ಲೇಡನ್ನು 17 ಡಿಗ್ರಿಯ ಆಸುಪಾಸಿನಲ್ಲಿ ಬಿಗಿದರೆ ನೆಟ್ಟಗೆ ಹೋಗುವಾಗ ಗಾಳಿ ತಾಗುವುದು 3 ಡಿಗ್ರಿಯಲ್ಲಿ, ಏರುವಾಗ 7ರಲ್ಲಿ. ಎರಡೂ ನಡೆಯುತ್ತದೆ. ಒಂದೇ ಕೋನ ಎರಡೂ ಕೆಲಸ ಮಾಡುತ್ತದೆ.

ಈಗ ಇನ್ನೊಂದು ವಿಮಾನ ತಗೊಳ್ಳಿ. ನುಣುಪಾದ ಮೈ, ಮಡಚುವ ಚಕ್ರ, 130ರಲ್ಲಿ ಏರಿ 280ರಲ್ಲಿ ಓಡುವಂಥದ್ದು. ಅದೇ ಲೆಕ್ಕ ಹಾಕಿದರೆ ಏರುವಾಗ ಗಾಳಿಯ ಓರೆ 13 ಡಿಗ್ರಿ, ಓಡುವಾಗ 27 ಡಿಗ್ರಿ. ವ್ಯತ್ಯಾಸ 14. ಓಟಕ್ಕೆ ಹೊಂದುವಂತೆ 30 ಡಿಗ್ರಿಗೆ ಬಿಗಿದರೆ ಏರುವಾಗ ಗಾಳಿ 17 ಡಿಗ್ರಿಯಲ್ಲಿ ತಾಗುತ್ತದೆ. ರನ್‌ವೇ ಮೇಲೆ ಹೊರಡುವಾಗಂತೂ ಪೂರ್ತಿ 30 ಡಿಗ್ರಿಯಲ್ಲಿ. ಬ್ಲೇಡು ಗಾಳಿಯನ್ನು ಹಿಡಿಯುವುದೇ ಇಲ್ಲ, ಸುಮ್ನೆ ಕಲಕುತ್ತದೆ. ಏರುವುದಕ್ಕೆ ಹೊಂದುವಂತೆ ಬಿಗಿದರೆ 280 ಮುಟ್ಟುವ ಮುಂಚೆಯೇ ಎಂಜಿನ್ ಆರ್‌ಪಿಎಂ ಮಿತಿ ಮೀರುತ್ತದೆ. ಇಂಥ ವಿಮಾನಕ್ಕೆ ಹಾರುತ್ತಲೇ ಕೋನ ಬದಲಿಸುವ ಪ್ರೊಪೆಲ್ಲರ್ ಬೇಕೇ ಬೇಕು. ಮೊದಲನೆಯದಕ್ಕೆ ಅಷ್ಟು ದುಡ್ಡು ಹಾಕಿದರೆ ಸಿಗುವ ಲಾಭ ತೀರ ಕಡಿಮೆ.

ಅಣ್ಣ ಕ್ಯಾಲ್ಕುಲೇಟರ್‌ನಲ್ಲಿ ಟ್ಯಾನ್ ಬಟನ್ ಒತ್ತಿ ಎರಡು ಸಲ ತಾಳೆ ನೋಡಿದರು. ಟೂಲ್‌ರೂಮ್ ಮನುಷ್ಯ, ಕೋನದ ಲೆಕ್ಕ ಅವರಿಗೆ ಹೊಸದಲ್ಲ. ನೀವೂ ನಿಮ್ಮ ವಿಮಾನಕ್ಕೆ ಈ ಲೆಕ್ಕ ಹಾಕಿ ನೋಡಿ, ಹತ್ತು ನಿಮಿಷದ ಕೆಲಸ.

ವಿಮಾನದ ಚರಿತ್ರೆಯಲ್ಲೂ ನಡೆದದ್ದು ಇದೇ. 1932ರ ಅಕ್ಟೋಬರ್ 15ರಂದು ಜೆಆರ್‌ಡಿ ಟಾಟಾ ಕರಾಚಿಯಿಂದ ಟಪಾಲು ಹೊತ್ತು ಮುಂಬೈನ ಜುಹುವಿನಲ್ಲಿ ಇಳಿದರು. ಅಲ್ಲಿಂದ ಟಪಾಲು ನಮ್ಮ ಬಳ್ಳಾರಿಯ ಮೇಲೆ ಮದ್ರಾಸಿಗೆ ಹೋಯಿತು. ಆ ಪುಸ್ ಮಾತ್ ವಿಮಾನದ್ದು ಬದಲಾಗದ ಪಿಚ್ಚು. ಅದರ ವೇಗಕ್ಕೆ ಅಷ್ಟು ಸಾಕಾಗಿತ್ತು. ಮುಂದಿನ ವರ್ಷ ಅಮೆರಿಕದಲ್ಲಿ ಬೋಯಿಂಗ್ 247 ಬಂತು. ಅದು ಆಗಿನ ಬೇರೆ ಪ್ರಯಾಣಿಕ ವಿಮಾನಗಳಿಗಿಂತ ಬಹಳ ಜೋರು. ಆದರೆ ಆರು ಸಾವಿರ ಅಡಿ ಎತ್ತರದ ಶೈಯೆನ್ ಊರಿನಿಂದ ಮೇಲೇಳುವಾಗ ಏದುಸಿರು ಬಿಡುತ್ತಿತ್ತು. ಹ್ಯಾಮಿಲ್ಟನ್ ಸ್ಟ್ಯಾಂಡರ್ಡ್ ಕಂಪನಿಯ ಫ್ರಾಂಕ್ ಕಾಲ್ಡ್‌ವೆಲ್ ಎರಡು ಕೋನಕ್ಕೆ ಬದಲಾಗುವ ಪ್ರೊಪೆಲ್ಲರ್ ಹಾಕಿಕೊಟ್ಟರು. ಟೇಕಾಫ್ ಓಟ ಶೇಕಡಾ 20 ಕಡಿಮೆಯಾಯಿತು, ಏರುವ ವೇಗ ಶೇಕಡಾ 22 ಹೆಚ್ಚಿತು. ಬ್ರಿಟನ್ನಿನ ಸ್ಪಿಟ್‌ಫೈರ್ ಯುದ್ಧವಿಮಾನ ಕೂಡ ಮೊದಲು ಬಂದದ್ದು ಎರಡು ಬ್ಲೇಡಿನ ಕಟ್ಟಿಗೆಯ ಪ್ರೊಪೆಲ್ಲರ್ ಜೊತೆ. 1940ರ ಬೇಸಿಗೆಯಲ್ಲಿ, ಯುದ್ಧ ತಲೆಯ ಮೇಲೆ ಬಂದಾಗ, ತಾನೇ ಕೋನ ಹೊಂದಿಸಿಕೊಳ್ಳುವ ಪ್ರೊಪೆಲ್ಲರ್‌ಗಳನ್ನು ಹಗಲಿರುಳು ಕೂತು ಹಾಕಿದರು. ವೇಗದ ಅಂತರ ದೊಡ್ಡದಾದಾಗಲೇ ಈ ಯಂತ್ರ ಹುಟ್ಟಿದ್ದು.

ಯಾವ ಥರದ್ದು ಏನು ಮಾಡುತ್ತದೆ

ಪುಣೆಯಿಂದ ಬೆಳಗಾವಿ ಕಡೆ ಹೊರಟರೆ ಮೊದಲು ಕಾತ್ರಜ್ ಘಾಟ್, ಆಮೇಲೆ ಖಂಬಾಟಕಿ ಘಾಟ್ ಸಿಗುತ್ತದೆ, ಆಮೇಲೆ ಸಾತಾರಾದ ಬಯಲು. ಒಂದೇ ಗೇರಿನ ಸೈಕಲ್‌ನಲ್ಲಿ ಹೊರಟರೆ ಘಾಟ್‌ಗೆ ಹೊಂದುವ ಚಕ್ರ ಹಾಕಿದ್ದರೆ ಬಯಲಿನಲ್ಲಿ ಕಾಲು ಸುಮ್ನೆ ಸುತ್ತುತ್ತದೆ. ಬಯಲಿಗೆ ಹೊಂದುವುದು ಹಾಕಿದ್ದರೆ ಘಾಟ್‌ನಲ್ಲಿ ಇಳಿದು ತಳ್ಳಬೇಕು. ಫಿಕ್ಸೆಡ್ ಪಿಚ್ ಪ್ರೊಪೆಲ್ಲರ್ ಅಂದರೆ ಈ ಸೈಕಲ್ಲು. ಕಡೆದ ಮೇಲೆ ಕೋನ ಮುಗಿಯಿತು.

ಗ್ರೌಂಡ್ ಅಡ್ಜಸ್ಟೆಬಲ್ ಅಂದರೆ ಅದೇ ಸೈಕಲ್ಲು, ಆದರೆ ಮನೆಯಲ್ಲಿ ಕೂತು ಹಲ್ಲುಚಕ್ರ ಬದಲಿಸಬಹುದು. ಬ್ಲೇಡುಗಳು ಬೇರೆ ಬೇರೆ, ಹಬ್ಬು ಅನ್ನುವ ನಡುವಿನ ಗಟ್ಟಿ ತುಂಡಿನಲ್ಲಿ ಬೋಲ್ಟ್ ಹಾಕಿ ಹಿಡಿದಿರುತ್ತವೆ. ಎಂಜಿನ್ ನಿಲ್ಲಿಸಿ, ಬೋಲ್ಟ್ ಸಡಿಲಿಸಿ, ಕೋನ ತಿದ್ದಿ, ಮತ್ತೆ ಬಿಗಿಯಬೇಕು. ಹಾರುವಾಗ ಏನೂ ಮಾಡಲಾಗದು. ಇನ್-ಫ್ಲೈಟ್ ಅಡ್ಜಸ್ಟೆಬಲ್ ಅಂದರೆ ಗೇರು ಇರುವ ಬೈಕು, ಪೈಲಟ್ ಸ್ವಿಚ್ ಒತ್ತಿ ಕೋನ ಬದಲಿಸುತ್ತಾರೆ. ಕಾನ್‌ಸ್ಟಂಟ್ ಸ್ಪೀಡ್ ಅಂದರೆ ಗೇರಿಲ್ಲದ ಸ್ಕೂಟರ್ ಥರ. ನೀವು ಒಂದು ಆರ್‌ಪಿಎಂ ಹೇಳಿದರೆ ಸಾಕು, ಗವರ್ನರ್ ಅನ್ನುವ ಭಾಗ ತಾನೇ ಕೋನವನ್ನು ಹೊಂದಿಸುತ್ತಾ ಅದೇ ಆರ್‌ಪಿಎಂ ಕಾಯುತ್ತದೆ.

ಮೊದಲ ಸಲ ವಿಮಾನ ಕಟ್ಟುವವರಿಗೆ, 200 ಕಿಲೋಮೀಟರ್ ಒಳಗೆ ಹಾರುವ ವಿಮಾನಕ್ಕೆ, ನನ್ನ ಮತ ಗ್ರೌಂಡ್ ಅಡ್ಜಸ್ಟೆಬಲ್ ಕಡೆಗೇ. ಕಾರಣ ಬರೀ ದುಡ್ಡಲ್ಲ. ಮನೆಯಲ್ಲಿ ಕಟ್ಟಿದ ಎರಡು ವಿಮಾನ ಎಂದೂ ಒಂದೇ ಥರ ಇರುವುದಿಲ್ಲ. ಒಬ್ಬರ ಕೌಲಿಂಗ್ (ಎಂಜಿನ್ ಮುಚ್ಚಳ) ಸ್ವಲ್ಪ ದಪ್ಪ, ಇನ್ನೊಬ್ಬರ ಚಕ್ರದ ಮೇಲೆ ಮುಚ್ಚಳ ಇಲ್ಲ. ಒಂದು ಸಲ ಹಾರಿದ ಮೇಲಷ್ಟೇ ಅದರ ನಿಜವಾದ ವೇಗ ಗೊತ್ತಾಗುವುದು. ಫಿಕ್ಸೆಡ್ ತಂದರೆ ಅಂದಾಜು ತಪ್ಪಿದಾಗ ಇನ್ನೊಂದು ಕೊಳ್ಳಬೇಕು. ಗ್ರೌಂಡ್ ಅಡ್ಜಸ್ಟೆಬಲ್ ಆದರೆ ಅರ್ಧ ದಿನದಲ್ಲಿ ತಿದ್ದಿಕೊಳ್ಳಬಹುದು. ಅಮೆರಿಕದಲ್ಲಿ 2004ರಲ್ಲಿ ಲೈಟ್ ಸ್ಪೋರ್ಟ್ ವಿಮಾನಗಳ ನಿಯಮ ಬಂದಾಗ ಫಿಕ್ಸೆಡ್ ಅಥವಾ ಗ್ರೌಂಡ್ ಅಡ್ಜಸ್ಟೆಬಲ್ ಮಾತ್ರ ಇರಬೇಕು ಅಂತ ಇಟ್ಟಿದ್ದರು. ವಾರ್ಪ್ ಡ್ರೈವ್, ಸೆನ್ಸೆನಿಚ್, ಫ್ರಾನ್ಸಿನ ಡ್ಯೂಕ್ ಮತ್ತು ಇ-ಪ್ರಾಪ್ಸ್ ಇವರೆಲ್ಲ ಈ ಥರದ್ದು ಮಾಡುತ್ತಾರೆ. ಹಾರುತ್ತಲೇ ಬದಲಿಸುವುದರಲ್ಲಿ ಇವೊಪ್ರಾಪ್ ಬ್ಲೇಡನ್ನೇ ಒಳಗಿನಿಂದ ತಿರುಚುತ್ತದೆ. ನ್ಯೂಜಿಲ್ಯಾಂಡಿನ ಏರ್‌ಮಾಸ್ಟರ್ ವಿದ್ಯುತ್ ಮೋಟರಿನಿಂದ ಬ್ಲೇಡಿನ ಬುಡ ತಿರುಗಿಸುತ್ತದೆ.

ಎಂಜಿನ್ ಏನು ಕೇಳುತ್ತದೆ

ಪ್ರೊಪೆಲ್ಲರ್ ಅಂದರೆ ಎಂಜಿನ್ ಮೇಲಿನ ಹೊರೆ. ಕೋನ ಹೆಚ್ಚಿಸಿದರೆ ಹೊರೆ ಹೆಚ್ಚು, ಆರ್‌ಪಿಎಂ ಇಳಿಯುತ್ತದೆ. ಕೋನ ತಗ್ಗಿಸಿದರೆ ಆರ್‌ಪಿಎಂ ಏರುತ್ತದೆ. ಒಂದು ಡಿಗ್ರಿಗೆ ರೋಟ್ಯಾಕ್ಸ್‌ನಲ್ಲಿ ಇನ್ನೂರು ಮುನ್ನೂರು ಆರ್‌ಪಿಎಂ ವ್ಯತ್ಯಾಸ ಬರುತ್ತದೆ ಅಂದರೆ ಎಷ್ಟು ಸೂಕ್ಷ್ಮ ನೋಡಿ.

912 ಯುಎಲ್‌ಎಸ್‌ಗೆ 5,800 ಆರ್‌ಪಿಎಂ ಐದು ನಿಮಿಷ ಮಾತ್ರ. ಎಡೆಬಿಡದೆ ಓಡಿಸಬಹುದಾದದ್ದು 5,500. ಪೂರ್ತಿ ಥ್ರಾಟಲ್ (ಆಕ್ಸಿಲರೇಟರ್) ಕೊಟ್ಟು 5,200ಕ್ಕಿಂತ ಕೆಳಗೆ ಎಳೆಸಬಾರದು. ದೊಡ್ಡ ಗೇರಿನಲ್ಲಿ ಲೋಡು ತುಂಬಿದ ಟೆಂಪೋವನ್ನು ಘಾಟ್ ಹತ್ತಿಸಿದ ಹಾಗೆ ಅದು. ಎಂಜಿನ್ ಒಳಗೆ ಬಿಸಿ ಏರುತ್ತದೆ, ಪಿಸ್ಟನ್ ಮೇಲೆ ಹೊಡೆತ ಬೀಳುತ್ತದೆ. ಹಾಗಾದರೆ ಗುರಿ ಏನು? ನೆಟ್ಟಗೆ ಹಾರುವಾಗ ಪೂರ್ತಿ ಥ್ರಾಟಲ್‌ಗೆ 5,500, 5,600ರ ಹತ್ತಿರ ಬರಬೇಕು. ಏರುವಾಗ 5,200ಕ್ಕಿಂತ ಮೇಲೆ ನಿಲ್ಲಬೇಕು. ವೇಗದ ಆಸೆಗೆ ಕೋನ ಹೆಚ್ಚಿಸಿ 4,800ರಲ್ಲಿ ಪೂರ್ತಿ ಥ್ರಾಟಲ್ ಒತ್ತುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಎಂಜಿನ್ ಮ್ಯಾನ್ಯುಯಲ್‌ನಲ್ಲಿ ಈ ನಂಬರುಗಳಿರುತ್ತವೆ. ಬೆಲೆಪಟ್ಟಿ ತೆಗೆಯುವ ಮುಂಚೆ ಅದನ್ನು ತೆಗೆಯಿರಿ.

ಅದೇ ಮ್ಯಾನ್ಯುಯಲ್‌ನಲ್ಲಿ ಹೆಚ್ಚಿನವರು ನೋಡದ ಇನ್ನೊಂದು ಸಾಲಿದೆ. ಪ್ರೊಪೆಲ್ಲರ್‌ನ ಜಡತ್ವದ ಮಿತಿ, ಅಂದರೆ ತಿರುಗಿಸಲು, ನಿಲ್ಲಿಸಲು ಅದು ಎಷ್ಟು ಹಟ ಮಾಡಬಹುದು ಅನ್ನುವುದರ ಮಿತಿ. ರೋಟ್ಯಾಕ್ಸ್ 912ಕ್ಕೆ ಅದು 6,000 ಕಿಲೋ-ಚದರ ಸೆಂಟಿಮೀಟರ್. ಭಾರ ತುದಿಯ ಕಡೆಗೆ ಇದ್ದಷ್ಟೂ ಈ ನಂಬರು ಏರುತ್ತದೆ. ಮೀರಿದರೆ ಎಂಜಿನ್ ಶುರುವಾಗುವಾಗ, ನಿಲ್ಲುವಾಗ ಗೇರ್‌ಬಾಕ್ಸ್ ಹಲ್ಲಿಗೆ ಏಟು. ತಯಾರಕರನ್ನು ಕೇಳಿದರೆ ಹೇಳುತ್ತಾರೆ, ಕೇಳಬೇಕು ಅಷ್ಟೆ.

ಗೇರ್‌ಬಾಕ್ಸ್ ಇಲ್ಲದ, ನೇರ ಜೋಡಿಸುವ ಎಂಜಿನ್‌ಗಳ ಮಾತು ಬೇರೆ. ಜಬಿರು 2200 ಥರದ್ದು 3,300 ಆರ್‌ಪಿಎಂನಲ್ಲಿ ತಿರುಗುತ್ತದೆ, ಪ್ರೊಪೆಲ್ಲರ್ ಕೂಡ ಅಷ್ಟೇ. ಅದಕ್ಕೆ 1.73 ಮೀಟರ್‌ದು ಹಾಕಿದರೆ ತುದಿಯ ವೇಗ ಸೆಕೆಂಡಿಗೆ 299 ಮೀಟರ್ ಆಗುತ್ತದೆ. ಶಬ್ದದ ವೇಗ ಸುಮಾರು 340. ಅಷ್ಟು ಹತ್ತಿರ ಹೋದರೆ ಶಕ್ತಿಯೆಲ್ಲ ಗದ್ದಲವಾಗಿ ಹೋಗುತ್ತದೆ. ಅಡ್ಡಳತೆ ಒಂದೂವರೆ ಮೀಟರ್‌ಗೆ ಇಳಿಸಿದರೆ 259ಕ್ಕೆ ಬರುತ್ತದೆ. ಜೊತೆಗೆ ಸಿಲಿಂಡರಿನ ಪ್ರತಿ ಹೊಡೆತವೂ ಇಂಥ ಎಂಜಿನ್‌ನಲ್ಲಿ ನೇರ ಹಬ್ಬಿಗೆ ತಾಗುತ್ತದೆ. ಕಟ್ಟಿಗೆ ಅದನ್ನು ತಡೆದುಕೊಳ್ಳುತ್ತದೆ, ಲೋಹ ದಣಿಯುತ್ತದೆ. ಹಾಗಾಗಿ "ಬೋಲ್ಟ್ ತೂತು ಸರಿಹೋಗುತ್ತದೆ" ಅನ್ನುವ ಒಂದೇ ಕಾರಣಕ್ಕೆ ಕೊಳ್ಳಬೇಡಿ. ನಿಮ್ಮದೇ ಎಂಜಿನ್ ಮಾದರಿಗೆ ಆ ಹಬ್ಬು, ಆ ಬ್ಲೇಡು ಎರಡನ್ನೂ ತಯಾರಕರು ಪರೀಕ್ಷೆ ಮಾಡಿ ಒಪ್ಪಿದ್ದಾರಾ ಅಂತ ಬರಹದಲ್ಲಿ ಕೇಳಿ.

ಅಡ್ಡಳತೆಗೆ ನೆಲವೂ ಒಂದು ಮಿತಿ. ಮೂಗಿನ ಚಕ್ರದ ವಿಮಾನಕ್ಕೆ ಬ್ಲೇಡಿನ ತುದಿಯಿಂದ ನೆಲಕ್ಕೆ ಏಳು ಇಂಚು, ಬಾಲದ ಚಕ್ರದ್ದಕ್ಕೆ ಒಂಬತ್ತು ಇಂಚು ಇರಲಿ ಅನ್ನುವುದು ಹಳೆಯ ಅಳತೆ. ಮುಂದಿನ ಟೈರಿನ ಗಾಳಿ ಹೋಗಿ ಶಾಕ್ ಪೂರ್ತಿ ಕುಸಿದರೂ ತುದಿ ನೆಲಕ್ಕೆ ತಾಗಬಾರದು.

ಪುಣೆಯ ಬಿಸಿಲು, ಗೋವಾದ ಉಪ್ಪುಗಾಳಿ

ಪುಣೆ ಸಮುದ್ರ ಮಟ್ಟದಿಂದ ಸುಮಾರು 1,900 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಸೆಕೆ ಇದ್ದಾಗ ಗಾಳಿ ಎಷ್ಟು ತೆಳ್ಳಗಾಗುತ್ತದೆ ಅಂದರೆ, ವಿಮಾನಕ್ಕೆ ತಾನು 5,400 ಅಡಿ ಎತ್ತರದಲ್ಲಿ ಇದ್ದ ಹಾಗೆ ಅನ್ನಿಸುತ್ತದೆ. ಗೋವಾದ ಕರಾವಳಿಯಲ್ಲಿ 32 ಡಿಗ್ರಿ ಇದ್ದರೆ ಅದೇ ಲೆಕ್ಕ 2,000 ಅಡಿ. ಒಂದೇ ವಿಮಾನ, ಒಂದೇ ಪ್ರೊಪೆಲ್ಲರ್, ಆದರೆ ಪುಣೆಯಲ್ಲಿ ಟೇಕಾಫ್ ಓಟ ಉದ್ದ, ಏರುವುದು ನಿಧಾನ.

ಇಲ್ಲೊಂದು ಮೋಸ ಹೋಗುವ ಜಾಗವಿದೆ. ಸೆಕೆಯಲ್ಲಿ ಎಂಜಿನ್ ಸೊರಗಿದರೆ ಆರ್‌ಪಿಎಂ ಇಳಿಯಬೇಕಲ್ವಾ ಅಂತ ಅನ್ನಿಸುತ್ತದೆ. ಹೆಚ್ಚು ಇಳಿಯುವುದಿಲ್ಲ. ಗಾಳಿ ತೆಳ್ಳಗಾದರೆ ಎಂಜಿನ್ ಬಲ ಕಡಿಮೆ, ಜೊತೆಗೆ ಬ್ಲೇಡಿಗೆ ಗಾಳಿಯ ಹೊರೆಯೂ ಕಡಿಮೆ. ಎರಡೂ ಒಟ್ಟಿಗೆ ಇಳಿಯುತ್ತವೆ, ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಎಳೆತ ಮಾತ್ರ ಹೋಗಿರುತ್ತದೆ. "ಆರ್‌ಪಿಎಂ ಸರಿಯಾಗಿ ಬರ್ತಿದೆ, ಹೊರಡೋಣ" ಅನ್ನುವ ಧೈರ್ಯ ಬೇಸಿಗೆಯಲ್ಲಿ ಸುಳ್ಳು ಧೈರ್ಯ. ಆದ್ದರಿಂದ ಪುಣೆಯಲ್ಲಿ ಹಾರುವವರು ಕೋನವನ್ನು ನೆಟ್ಟಗೆ ಹೋಗುವುದಕ್ಕಿಂತ ಏರುವ ಕಡೆಗೆ ಸ್ವಲ್ಪ ವಾಲಿಸಿ ಇಡುವುದು ಒಳ್ಳೆಯದು. ಗಂಟೆಗೆ ಐದಾರು ಕಿಲೋಮೀಟರ್ ವೇಗ ಹೋದರೆ ಹೋಗಲಿ. ರನ್‌ವೇ ಕೊನೆಯ ಮರ ದಾಟುವುದು ಮುಖ್ಯ.

ಮಳೆಗಾಲವನ್ನೂ ಯೋಚಿಸಿ. ಕಟ್ಟಿಗೆಯ ಪ್ರೊಪೆಲ್ಲರ್ ಜೂನ್‌ನಲ್ಲಿ ತೇವ ಕುಡಿದು ಉಬ್ಬುತ್ತದೆ, ಮಾರ್ಚ್‌ನಲ್ಲಿ ಒಣಗಿ ಕುಗ್ಗುತ್ತದೆ. ಉಬ್ಬಿದಾಗ ಬೋಲ್ಟ್ ಕೆಳಗಿನ ಕಟ್ಟಿಗೆ ನಲುಗುತ್ತದೆ, ಕುಗ್ಗಿದಾಗ ಬೋಲ್ಟ್ ಸಡಿಲ. ನಮ್ಮ ಮನೆಯ ಬಾಗಿಲು ಮಳೆಗಾಲದಲ್ಲಿ ಬಿಗಿಯಾಗಿ ಬೇಸಿಗೆಯಲ್ಲಿ ಅಲ್ಲಾಡುವುದಿಲ್ವಾ, ಹಾಗೇ. ಕಟ್ಟಿಗೆ ಕೆಟ್ಟದ್ದು ಅಂತಲ್ಲ, ನನಗೆ ಅದರ ಮೇಲೆ ಪ್ರೀತಿಯೇ ಜಾಸ್ತಿ. ಆದರೆ ಋತು ಬದಲಾದಾಗಲೆಲ್ಲ ಟಾರ್ಕ್ ರೆಂಚ್ (ಬಿಗಿತ ಅಳೆಯುವ ಪಾನಾ) ಹಿಡಿಯುವ ಶಿಸ್ತು ಬೇಕು. ಕಾರ್ಬನ್ ಬ್ಲೇಡಿಗೆ ಈ ಕಾಟವಿಲ್ಲ. ಅದರ ಮುಂದಿನ ಅಂಚಿಗೆ ಲೋಹದ ಪಟ್ಟಿ ಇದೆಯಾ ನೋಡಿ. ಪಟ್ಟಿಯಿಲ್ಲದ ಅಂಚನ್ನು ಮಳೆಹನಿ ಕೆಲವೇ ಹಾರಾಟದಲ್ಲಿ ಉಜ್ಜಿ ಹಾಕುತ್ತದೆ. ಗೋವಾದಲ್ಲಿ ಇಡುವವರು ಹಬ್ಬಿನ ಉಕ್ಕಿನ ಬೋಲ್ಟುಗಳ ತುಕ್ಕಿನ ಮೇಲೂ ಕಣ್ಣಿಡಬೇಕು.

ಹಾರುತ್ತಲೇ ಬದಲಿಸುವುದನ್ನು ತಗೊಂಡರೆ

ತಗೊಳ್ಳಬೇಡಿ ಅಂತ ಹೇಳುತ್ತಿಲ್ಲ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಮಾಡಿದ ಹಂಸ-3 ವಿಮಾನದಲ್ಲಿ ಇರುವುದು ರೋಟ್ಯಾಕ್ಸ್ 914, ಅದಕ್ಕೆ ಕಾನ್‌ಸ್ಟಂಟ್ ಸ್ಪೀಡ್ ಪ್ರೊಪೆಲ್ಲರ್. ಆ ವಿಮಾನಕ್ಕೆ ಅದು ಸರಿಯಾದ ಜೋಡಿ. ಆದರೆ ಅದರ ಜೊತೆ ಏನೇನು ಬರುತ್ತದೆ ಅಂತ ಗೊತ್ತಿರಲಿ.

ಎಣ್ಣೆಯ ಒತ್ತಡದಿಂದ ನಡೆಯುವುದಾದರೆ ಎಂಜಿನ್ ಅದಕ್ಕೆಂದೇ ಮಾಡಿದ್ದಾಗಿರಬೇಕು. ರೋಟ್ಯಾಕ್ಸ್‌ನಲ್ಲಿ ಹೆಸರಿನ ಕೊನೆಗೆ 3 ಇರುವ ಮಾದರಿಗೆ ಪೊಳ್ಳಾದ ಶಾಫ್ಟ್, ಗವರ್ನರ್ ಕೂರಿಸುವ ಜಾಗ ಇರುತ್ತದೆ. ಉಳಿದದ್ದಕ್ಕೆ ಸಾಮಾನ್ಯವಾಗಿ ವಿದ್ಯುತ್ತಿನದೇ ಗತಿ. ಅದರಲ್ಲಿ ಬ್ರಷ್, ಸ್ಲಿಪ್ ರಿಂಗ್, ಕಂಟ್ರೋಲರ್, ವೈರಿಂಗ್ ಎಲ್ಲ ಬರುತ್ತವೆ. ಬೆಲೆ ನಾಲ್ಕೈದು ಪಟ್ಟು. ತಯಾರಕರು ಹೇಳಿದಷ್ಟು ಗಂಟೆ ಅಥವಾ ವರ್ಷವಾದ ಮೇಲೆ ಬಿಚ್ಚಿ ದುರಸ್ತಿ ಮಾಡಿಸಬೇಕು. ಹೊರದೇಶಕ್ಕೆ ಕಳಿಸಿ, ಕಸ್ಟಮ್ಸ್ ದಾಟಿಸಿ ತರುವಷ್ಟರಲ್ಲಿ ಹಾರುವ ಹಂಗಾಮೇ ಮುಗಿದಿರುತ್ತದೆ.

ತೂಕವೂ ಇದೆ. ಅಣ್ಣನ ವಿಮಾನದಲ್ಲಿ ಏಳು ಕಿಲೋ ಜಾಸ್ತಿಯಾದರೆ, ಅದು ತೂಕದ ನಡುಬಿಂದುವಿನಿಂದ 1.8 ಮೀಟರ್ ಮುಂದೆ ಕೂತಿರುತ್ತದೆ. 500 ಕಿಲೋ ವಿಮಾನದ ನಡುಬಿಂದು ಅಷ್ಟಕ್ಕೇ ಎರಡೂವರೆ ಸೆಂಟಿಮೀಟರ್ ಮುಂದೆ ಸರಿಯುತ್ತದೆ. ಸಣ್ಣ ವಿಮಾನಕ್ಕೆ ಇದು ಕಡಿಮೆಯೇನಲ್ಲ.

ಎಲ್ಲಕ್ಕಿಂತ ಮುಖ್ಯ, ಅದು ಕೈಕೊಟ್ಟರೆ ಏನಾಗುತ್ತದೆ ಅನ್ನುವುದು. ತಗ್ಗು ಕೋನದಲ್ಲಿ ಸಿಕ್ಕಿಕೊಂಡರೆ ಥ್ರಾಟಲ್ ಇಳಿಸಿ ನಿಧಾನವಾಗಿ ಮನೆಗೆ ಬರಬಹುದು. ಹೆಚ್ಚಿನ ಕೋನದಲ್ಲಿ ಸಿಕ್ಕಿಕೊಂಡರೆ ಇಳಿಯುವಾಗ ಮತ್ತೆ ಮೇಲೇಳಬೇಕಾದ ಸಂದರ್ಭ ಬಂತು ಅನ್ನಿ, ಎಂಜಿನ್‌ಗೆ ದಮ್ಮೇ ಇರುವುದಿಲ್ಲ. ಕೊಳ್ಳುವ ಮುಂಚೆ ತಯಾರಕರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: ಕರೆಂಟ್ ಹೋದರೆ, ಎಣ್ಣೆ ಹೋದರೆ ನಿಮ್ಮ ಬ್ಲೇಡು ಎಲ್ಲಿ ನಿಲ್ಲುತ್ತದೆ? ಪೈಲಟ್‌ಗೂ ಹೊಸ ಪಾಠ. ಮ್ಯಾನಿಫೋಲ್ಡ್ ಪ್ರೆಶರ್ ಗೇಜ್ (ಎಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡ ತೋರಿಸುವ ಮೀಟರು) ಬೇಕು. ಶಕ್ತಿ ಹೆಚ್ಚಿಸುವಾಗ ಮೊದಲು ಆರ್‌ಪಿಎಂ, ಆಮೇಲೆ ಥ್ರಾಟಲ್. ಇಳಿಸುವಾಗ ಮೊದಲು ಥ್ರಾಟಲ್, ಆಮೇಲೆ ಆರ್‌ಪಿಎಂ.

ಶೆಡ್ಡಿನಲ್ಲಿ ಆ ಭಾನುವಾರ

ಅಣ್ಣ ಕೊನೆಗೆ ಮೂರು ಬ್ಲೇಡಿನ ಕಾರ್ಬನ್ ಗ್ರೌಂಡ್ ಅಡ್ಜಸ್ಟೆಬಲ್ ತರಿಸಿದರು. ಎರಡು ಬ್ಲೇಡಿನದು ಸ್ವಲ್ಪ ಜಾಸ್ತಿ ಎಳೆಯುತ್ತದೆ, ಮೂರರದ್ದು ನಯವಾಗಿ ತಿರುಗುತ್ತದೆ, ಅಡ್ಡಳತೆಯೂ ಕಡಿಮೆ. ನಮಗೆ ನೆಲದ ಅಂತರ ಮುಖ್ಯವಾಗಿತ್ತು.

ಕೋನ ಇಡುವ ಕೆಲಸ ಹೀಗೆ. ಮೊದಲು ಇಗ್ನಿಷನ್ ಆಫ್, ಮೇಲಿನ ಸ್ಪಾರ್ಕ್ ಪ್ಲಗ್‌ಗಳು ಹೊರಗೆ. ಪ್ರೊಪೆಲ್ಲರ್ ಮುಟ್ಟುವ ಮುಂಚೆ ಇದು ಆಗಲೇಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಆಮೇಲೆ ಪ್ರತಿ ಬ್ಲೇಡಿನ ಮೇಲೂ ನಡುವಿನಿಂದ 65 ಸೆಂಟಿಮೀಟರ್‌ಗೆ ಅಳೆದು ಒಂದು ಎಳೆ ಮಾಸ್ಕಿಂಗ್ ಟೇಪ್ ಅಂಟಿಸಿದೆವು. ಡಿಜಿಟಲ್ ಆಂಗಲ್ ಗೇಜನ್ನು ಹಬ್ಬಿನ ಮುಖಕ್ಕೆ ಇಟ್ಟು ಸೊನ್ನೆ ಮಾಡಿದೆವು. ಒಂದು ಬ್ಲೇಡನ್ನು ಅಡ್ಡಲಾಗಿ ನಿಲ್ಲಿಸಿ, ಟೇಪಿನ ಮೇಲೆ ಗೇಜ್ ಇಟ್ಟು 17.0 ಬರುವ ಹಾಗೆ ತಿರುಗಿಸಿ, ಬೋಲ್ಟನ್ನು ಕೈಬಿಗಿ ಮಾಡಿದೆವು. ಮುಂದಿನ ಬ್ಲೇಡನ್ನು ಅದೇ ಜಾಗಕ್ಕೆ ತಂದು ಮತ್ತೆ ಅದೇ. ಮೂರೂ ಒಂದೇ ಜಾಗದಲ್ಲಿ ನಿಂತು ಅಳೆಯಬೇಕು, ಇಲ್ಲದಿದ್ದರೆ ನೆಲದ ಓರೆ ಅಳತೆಯೊಳಗೆ ಸೇರಿಕೊಳ್ಳುತ್ತದೆ. ಆಮೇಲೆ ಬೋಲ್ಟುಗಳನ್ನು ಎದುರುಬದುರಾಗಿ, ಮೂರು ಸುತ್ತಿನಲ್ಲಿ ಟಾರ್ಕ್ ರೆಂಚ್‌ನಿಂದ ಬಿಗಿದೆವು. ಒಂದು ಕೋಲನ್ನು ನೆಲಕ್ಕೆ ನಿಲ್ಲಿಸಿ ಮೂರೂ ತುದಿ ಅದರ ಮುಂದೆ ಒಂದೇ ಜಾಗದಲ್ಲಿ ಹಾಯುತ್ತವಾ ನೋಡಿದೆವು. ಎರಡು ಮಿಲಿಮೀಟರ್ ಒಳಗಿತ್ತು.

ಬಾಲವನ್ನು ಸರಪಳಿಯಿಂದ ಕಟ್ಟಿ, ಚಕ್ರಕ್ಕೆ ಅಡ್ಡಗಟ್ಟಿ, ಎಂಜಿನ್ ಹಚ್ಚಿದೆವು. 3,000 ದಾಟುತ್ತಿದ್ದಂತೆ ಪ್ಯಾನೆಲ್ ನಡುಗತೊಡಗಿತು. ಮೀಟರುಗಳ ಅಂಕಿಗಳು ಓದಲಾಗದಷ್ಟು. ತಕ್ಷಣ ನಿಲ್ಲಿಸಿದೆವು. ಬ್ಯಾಲೆನ್ಸ್ ತೂಕ ಹಾಕೋಣ ಅಂದರು ಅಣ್ಣ. ನಾನು ಗೇಜ್ ಎತ್ತಿಕೊಂಡೆ. 17.0, 17.0, 17.6. ಬೋಲ್ಟ್ ಬಿಗಿಯುವಾಗ ಮೂರನೆಯ ಬ್ಲೇಡು ಸರಿದಿತ್ತು, ಬಿಗಿದ ಮೇಲೆ ನಾವು ಮತ್ತೆ ಅಳೆದಿರಲಿಲ್ಲ. ಒಂದು ಬ್ಲೇಡು ಉಳಿದವಕ್ಕಿಂತ ಜಾಸ್ತಿ ಎಳೆಯುತ್ತಿತ್ತು. ಈ ನಡುಕಕ್ಕೆ ತೂಕ ಅಂಟಿಸಿದರೆ ಪ್ರಯೋಜನವಿಲ್ಲ, ಕೋನವನ್ನೇ ತಿದ್ದಬೇಕು. ಬಿಗಿದ ಮೇಲೆ ಅಳೆದ ಕೋನವೇ ಕೋನ. ಕೆಲವು ಹಬ್ಬುಗಳಲ್ಲಿ, ಸೆನ್ಸೆನಿಚ್‌ನದರಲ್ಲಿ ಇದ್ದ ಹಾಗೆ, ಕೋನಕ್ಕೊಂದು ಪಿನ್ ಇರುತ್ತದೆ. ಪಿನ್ ಬದಲಿಸಿದರೆ ಮೂರೂ ತಾನೇ ಸಮ. ಮೊದಲ ಸಲದವರಿಗೆ ಅದು ದೊಡ್ಡ ಅನುಕೂಲ.

ತಿದ್ದಿ ಮತ್ತೆ ಹಚ್ಚಿದಾಗ ನಡುಕ ಹೋಗಿತ್ತು. ಆದರೆ ಪೂರ್ತಿ ಥ್ರಾಟಲ್‌ಗೆ 4,780. ಹೊರೆ ಜಾಸ್ತಿ. ಒಂದೂವರೆ ಡಿಗ್ರಿ ಇಳಿಸಿದೆವು, 5,160 ಬಂತು. ವಿಮಾನ ಮುಂದೆ ಹೋಗತೊಡಗಿದರೆ ಹೊರೆ ಇಳಿದು ಇದು ಇನ್ನೂ ಏರುತ್ತದೆ. ಅಣ್ಣನ ಮುಖ ಅರಳಿತು. ನಾನು ಆಪ್ಟಿಕಲ್ ಟ್ಯಾಕೋಮೀಟರ್ (ಬೆಳಕಿನಿಂದ ಸುತ್ತು ಎಣಿಸುವ ಮೀಟರು) ತೆಗೆದು, ಮೂರು ಬ್ಲೇಡು ಅಂತ ಅದಕ್ಕೆ ಹೇಳಿ, ಬದಿಯಿಂದ, ತಿರುಗುವ ಸುತ್ತಿನಿಂದ ದೂರ ನಿಂತು ಹಿಡಿದೆ. 2,090. ಅದನ್ನು 2.43ರಿಂದ ಗುಣಿಸಿದರೆ 5,080. ಪ್ಯಾನೆಲ್‌ನ ಮೀಟರು 80 ಜಾಸ್ತಿ ತೋರಿಸುತ್ತಿತ್ತು. ಈ ಕೆಲಸಕ್ಕೆ ಬಯಲಿನ ಬೆಳಕೇ ಬೇಕು, ಟ್ಯೂಬ್‌ಲೈಟ್ ಮಿನುಗಿಗೆ ಆ ಟ್ಯಾಕೋಮೀಟರ್ ಮೋಸ ಹೋಗುತ್ತದೆ. ಇನ್ನೊಂದು ಕಾಲು ಡಿಗ್ರಿ ಇಳಿಸಿದೆವು.

ಅಕ್ಕಪಕ್ಕದವರು ತಕ್ಕಡಿ ತಂದು ಬಾಲದ ಸರಪಳಿಗೆ ಕಟ್ಟಿ, ಎಷ್ಟು ಕಿಲೋ ಎಳೆಯುತ್ತದೆ ನೋಡೋಣ ಅಂದರು. ನೋಡಬಹುದು, ಆದರೆ ಆ ನಂಬರಿನ ಮೇಲೆ ಪ್ರೊಪೆಲ್ಲರ್ ಆರಿಸಬೇಡಿ. ನಿಂತಲ್ಲಿ ಅತಿ ಹೆಚ್ಚು ಎಳೆಯುವುದು ತೀರ ತಗ್ಗು ಕೋನದ್ದು. ಅದೇ ಪ್ರೊಪೆಲ್ಲರ್ 140ರಲ್ಲಿ ಗಾಳಿಯನ್ನು ಹಿಡಿಯಲಾರದೆ ಆರ್‌ಪಿಎಂ ಮೀರಿಸುತ್ತದೆ.

ಈಗ ಉಳಿದಿರುವುದು ಕಾಗದದ ಕೆಲಸ. ಪ್ರೊಪೆಲ್ಲರ್‌ನ ಮಾದರಿ, ಇಟ್ಟ ಕೋನ, ಟಾರ್ಕ್, ಆರ್‌ಪಿಎಂ ಎಲ್ಲವನ್ನೂ ತಾರೀಖಿನ ಜೊತೆ ಲಾಗ್‌ಬುಕ್‌ನಲ್ಲಿ ಬರೆದಿದ್ದೇವೆ. ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ಒಪ್ಪಿಗೆಯಿಲ್ಲದೆ ಚಕ್ರ ನೆಲ ಬಿಡುವ ಹಾಗಿಲ್ಲ. ಮುಂಬೈನ ಪೈಲಟ್ ಅಮೋಲ್ ಯಾದವ್ ಕಾಂದಿವಲಿಯ ಚಾರ್ಕೋಪ್‌ನಲ್ಲಿ ಮನೆಯ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿದವರು. 2016ರಲ್ಲಿ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಜನ ಅದನ್ನು ನೋಡಿದರು. ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರಲು ಪರವಾನಗಿ 2019ರಲ್ಲಿ. ಅಣ್ಣ ಆ ವರ್ಷಗಳನ್ನು ಗೋಡೆಯ ಕ್ಯಾಲೆಂಡರ್ ಪಕ್ಕ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದಾರೆ. ಅವಸರವಿಲ್ಲ ಅನ್ನುತ್ತಾರೆ.

ಒಂದು ಗಂಟೆ ಎಂಜಿನ್ ಓಡಿಸಿದ ಮೇಲೆ ಹಬ್ಬಿನ ಬೋಲ್ಟುಗಳನ್ನು ಮತ್ತೆ ಟಾರ್ಕ್ ಮಾಡಬೇಕು, ಮೂರೂ ಕೋನ ಮತ್ತೆ ಅಳೆಯಬೇಕು. ನಮ್ಮದು ಇಲ್ಲಿಯವರೆಗೆ ನಲವತ್ತು ನಿಮಿಷ ಆಗಿದೆ. ಇನ್ನಿಪ್ಪತ್ತು ನಿಮಿಷ ಮುಂದಿನ ಭಾನುವಾರ.